ಹನ್ನೆರಡು ಲೀಟರಿನ ಕೊಡ

ಹಾಜರಿ ಪಟ್ಟಿಯ ಒಂಬತ್ತನೆಯ ಹೆಸರಿಗೆ ಬಂದಾಗ ಮಿರೇಯಾಳ ಮೈಯೆಲ್ಲ ಉರಿದುಹೋಯಿತು. ಬೆರ್ನಾತ್. ಈ ಹೆಸರು ತನ್ನ ಕೈಗೆ ಸಿಗಲಿ ಎಂದು ಅವಳು ಏಳು ವರ್ಷ ಕಾದಿದ್ದಳು.

ಸ್ಪೇನಿನ ತಾರಗೋನಾ ಊರಿನ ಮ್ಯೂಸಿಯಂ ಮಹಡಿಯಲ್ಲಿ ಐದು ದಿನದ ತರಬೇತಿ. ನೆಲ ಅಗೆದು ಹಳೆಯ ಊರು ಹುಡುಕುವವರಿಗೆ, ಅದೇ ಊರನ್ನು ಕಂಪ್ಯೂಟರಿನಲ್ಲಿ ಮತ್ತೆ ಬದುಕಿಸುವುದನ್ನು ಅವಳು ಕಲಿಸಬೇಕು. ಪರದೆಯ ಮೇಲಿನ ಒಂದೊಂದು ಚುಕ್ಕಿಯೂ ಒಂದೊಂದು ಮನೆ. ಅದಕ್ಕೆ ಹಸಿವು, ಬಾಯಾರಿಕೆ, ಬೆಳೆ ಎಲ್ಲ ಕೊಟ್ಟು ವರ್ಷಗಳನ್ನು ಓಡಿಸಿ, ಯಾರು ಉಳಿದರು, ಯಾರು ಊರು ಬಿಟ್ಟರು ಎಂದು ನೋಡುವುದು.

ಏಳು ವರ್ಷದ ಹಿಂದೆ ಇದೇ ಚುಕ್ಕಿಗಳನ್ನು ನಂಬಿ ಅವಳು ಮೊದಲ ಸಲ ವೇದಿಕೆ ಹತ್ತಿದ್ದಳು. "ಕೈಗೆ ಮಣ್ಣು ತಾಗದವರು ಚುಕ್ಕಿ ಕುಣಿಸಿ ಊರಿನ ಕಥೆ ಹೇಳ್ತಾರೆ" ಎಂದು ಸಭೆಯ ನಡುವೆ ಎದ್ದು ನಿಂತು ಹೇಳಿದವನು ಬೆರ್ನಾತ್. ಸಭೆ ಗೊಳ್ಳೆಂದು ನಕ್ಕಿತು. ಅಂದು ಬೆಳಿಗ್ಗೆಯಷ್ಟೇ ಅವಳ ತಟ್ಟೆಯಿಂದ ಟೊಮೆಟೊ ಉಜ್ಜಿದ ಬ್ರೆಡ್ ಸಲುಗೆಯಿಂದ ಕಸಿದು ತಿಂದವನೂ ಅವನೇ. ಮರುದಿನ ಅವಳು ಫೋನ್ ನಂಬರ್ ಬದಲಿಸಿದಳು.

"ಬೆರ್ನಾತ್ ಅವರೇ, ಮುಂದೆ ಬನ್ನಿ. ಹಿಂದೆ ಕೂತರೆ ನಿಮಗೆ ಮಾತು ಜಾಸ್ತಿ."

"ಆಗಲಿ ಮೇಡಂ."

ಅವನ ಕಿವಿಯ ಹತ್ತಿರ ಕೂದಲು ನರೆತಿತ್ತು. ಉಗುರಿನ ಸಂದಿಯಲ್ಲಿ ಅದೇ ಕೆಂಪು ಮಣ್ಣು. ನೋಡಬಾರದೆಂದುಕೊಂಡೇ ನೋಡಿದಳು, ನೋಡಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನಾಲ್ಕನೆಯ ದಿನ ಅವಳು ಅವನ ಊರನ್ನೇ ಪರದೆಗೆ ತಂದಳು. ಹದಿನೈದು ಬೇಸಿಗೆ ಅವನು ಅಗೆದ ಗುಡ್ಡ, ಮೇಲೆ ನಲವತ್ತು ಮನೆ, ಕೆಳಗೆ ನೀರಿನ ಬುಗ್ಗೆ. ಆ ಊರು ಮುನ್ನೂರು ವರ್ಷ ಬಾಳಿತೆಂಬುದು ಅವನ ವಾದ. ಅವನ ಪುಸ್ತಕ, ಹೆಸರು ಎಲ್ಲ ಅದರ ಮೇಲೆಯೇ ನಿಂತಿದ್ದವು.

ಬಟನ್ ಒತ್ತಿದಳು. ಚುಕ್ಕಿಗಳು ಬುಗ್ಗೆಗೆ ಇಳಿದವು, ಹತ್ತಿದವು, ಒಂದೊಂದಾಗಿ ಆರಿದವು. ಹನ್ನೊಂದನೆಯ ವರ್ಷಕ್ಕೆ ಗುಡ್ಡ ಖಾಲಿ.

"ಪಾಪ, ನಿನ್ನ ಜನ ನೀರು ಹೊತ್ತು ಹೊತ್ತೇ ಸತ್ತರಲ್ಲೋ ಬೆರ್ನಾತ್" ಎಂದಳು ಅಸೂಂತಾ, ಅಗೆಯುತ್ತಲೇ ಅರವತ್ತು ದಾಟಿದವಳು. ಕ್ಲಾಸೆಲ್ಲ ಗೊಳ್ಳೆಂದಿತು. ಅದೇ ನಗು, ಏಳು ವರ್ಷದ ಹಿಂದಿನದೇ.

ಬೆರ್ನಾತ್ ಪರದೆಯ ಮೂಲೆಯ ಅಂಕಿ ನೋಡಿದ: ಒಂದು ಕೊಡ, ಎರಡು ಲೀಟರ್. ಆಮೇಲೆ ಅವಳ ಮುಖ ನೋಡಿದ.

"ಮೇಡಂ ತೋರಿಸಿದ್ಮೇಲೆ ಮುಗೀತು. ನಾನೇ ತಪ್ಪಿರಬಹುದು."

ಬರಬೇಕಾಗಿದ್ದ ಸಂತೋಷ ಅವಳಿಗೆ ಬರಲಿಲ್ಲ. ಊಟದ ಬಿಡುವಿನಲ್ಲಿ ಅಂಗಳದಲ್ಲಿ ಅವನನ್ನು ಅಡ್ಡಗಟ್ಟಿದಳು.

"ನಿನ್ನ ಊರಿನ ಕೊಡ ಎಷ್ಟು ಹಿಡಿಯತ್ತೆ?"

"ಹನ್ನೆರಡು ಲೀಟರ್. ಮೂವತ್ತೊಂದು ಚೂರು, ನಾವಿಬ್ಬರೇ ಕೂತು ಅಂಟಿಸಿದ್ದು. ನೀನು ಮರೆಯೋಳಲ್ಲ."

"ಮರೆತಿಲ್ಲ. ಬೇಕಂತಲೇ ಎರಡು ಹಾಕಿದೆ. ಗೊತ್ತಾಗಿಯೂ ಯಾಕೆ ಬಾಯಿ ಬಿಡಲಿಲ್ಲ?"

"ಅವತ್ತು ನಿನಗೆ ಉತ್ತರ ಕೊಡೋಕೆ ನಾನು ಬಿಟ್ಟಿದ್ನಾ?"

"ನನ್ನ ಸೇಡನ್ನ ನನಗೇ ಭಿಕ್ಷೆ ಹಾಕ್ತೀಯಾ? ನಿನ್ನ ಕರುಣೆ ಯಾರಿಗೆ ಬೇಕು?"

"ಕರುಣೆ ಅಲ್ಲ ಕಣೇ. ಅವತ್ತು ವೇದಿಕೆ ಮೇಲೆ ನೀನು ಹೇಳಿದ್ದು ಕೇಳಿ ಗೊತ್ತಾಯ್ತು, ನನ್ನ ಊರು ನನಗಿಂತ ಚೆನ್ನಾಗಿ ನಿನಗೆ ಅರ್ಥ ಆಗಿತ್ತು. ಹೊಟ್ಟೆ ಉರೀತು, ಅಂದುಬಿಟ್ಟೆ. ಕಲಿಸೋದು ನೀನು ಅಂತ ನೋಡಿಯೇ ಇಲ್ಲಿಗೆ ಸೇರಿದ್ದು. ಬೈಸಿಕೊಳ್ಳೋಕಾದ್ರೂ ನಿನ್ನೆದುರು ಕೂರಬೇಕಿತ್ತು."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಈಗ ತನ್ನ ಮೇಲೆ. ಚುಕ್ಕಿ ಕುಣಿಸುವವಳು ಎಂದು ಅವನು ಅಂದಿದ್ದ ಮಾತನ್ನು ಇವತ್ತು ತಾನೇ ಕೈಯಾರೆ ನಿಜ ಮಾಡಿದ್ದಳು.

ಕೊನೆಯ ದಿನ ಎಲ್ಲರೆದುರು ನಿಂತಳು. "ನಿನ್ನೆ ನಾನು ಸುಳ್ಳು ಅಂಕಿ ಹಾಕಿದ್ದೆ. ಸಿಟ್ಟಿಗೆ. ಬೆರ್ನಾತ್ ಅವರೇ, ಸರಿಯಾದದ್ದು ನೀವೇ ಹಾಕಿ."

ಅವನು ಹನ್ನೆರಡು ಒತ್ತಿದ. ಮುನ್ನೂರು ವರ್ಷ ಓಡಿದರೂ ಗುಡ್ಡದ ಮೇಲೆ ಚುಕ್ಕಿಗಳು ಮಿನುಗುತ್ತಲೇ ಇದ್ದವು.

"ಗೆದ್ದುಬಿಟ್ಟೆಯಲ್ಲೋ" ಎಂದಳು ಅಸೂಂತಾ.

"ಇಲ್ಲ" ಎಂದಳು ಮಿರೇಯಾ. "ಓಡಿಸಿದ ಪ್ರತಿ ಸಲವೂ ಮಳೆ, ಬೆಳೆ ಬೇರೆ ಬರತ್ತೆ. ಒಂದು ಸಲ ಓಡಿದ್ದು ಬರೀ ಅದೃಷ್ಟ ಇರಬಹುದು. ನೂರು ಸಲ ಓಡಿಸಿ, ನೂರರಲ್ಲೂ ಊರು ನಿಂತರೆ ನಂಬಿ."

ಬೆರ್ನಾತ್ ಕುರ್ಚಿಗೆ ಮರಳಲಿಲ್ಲ. "ಏಳು ವರ್ಷದ ಹಿಂದೆ ಸಭೆಯಲ್ಲಿ ಇವರನ್ನ ಅವಮಾನ ಮಾಡಿದೆ. ತಪ್ಪಾಯ್ತು, ಮಿರೇಯಾ."

ಅವಳು ಅವನ ಉಗುರಿನ ಮಣ್ಣನ್ನು ಈ ಸಲ ಕಣ್ಣು ತುಂಬ ನೋಡಿದಳು.

"ಒಂದು ಸಲ ಅಂದಿದ್ದನ್ನ ನಾನು ನಂಬಲ್ಲ. ಈಗಷ್ಟೇ ಪಾಠ ಮಾಡಿದ್ನಲ್ಲ?"

ಮೆಟ್ಟಿಲ ಮೇಲೆ ಅವನು ಮತ್ತೆ ಹೇಳಿದ. ಅವಳು ತಿರುಗದೆ ನಡೆದಳು. ಬೀದಿಯಲ್ಲಿ ಮೂರನೆಯ ಸಲ ಹೇಳಿದಾಗ ಅವಳ ನಡಿಗೆ ನಿಧಾನವಾಯಿತು. ಮೂಲೆಯ ಹೋಟೆಲಿನಲ್ಲಿ ಎದುರುಬದುರು ಕೂತು ಅವನು ಏಳನೆಯದನ್ನು ಹೇಳುವಷ್ಟರಲ್ಲಿ ಅವನ ತಟ್ಟೆಯ ಟೊಮೆಟೊ ಬ್ರೆಡ್ ಅವಳ ಕೈಯಲ್ಲಿತ್ತು.

"ಎಂಟನೆಯದು ಹೇಳು" ಎಂದಳು, ಬಾಯಲ್ಲಿ ಬ್ರೆಡ್ ಇಟ್ಟುಕೊಂಡೇ.