ಗಡಿಯಾರ ಹೊತ್ತಿಸಿದ ದೀಪ

“ಬ್ಯಾಡ ತಮ್ಮಾ, ಒಳಖೋಲ್ಯಾಗ ಮಾತ್ರ ದೀಪಾ ಹಚ್ಚಬ್ಯಾಡ,” ಎಂದು ಪಕ್ಕದ ಮನೆಯ ಮುದುಕಿ ಅಲ್ಮಾಸಬಿ ಅಂಗಲಾಚಿದಳು. ಗೋಡೆಗೆ ವೈರು ಬಿಗಿಯುತ್ತಿದ್ದ ದೇವೇಂದ್ರಪ್ಪ ಬಾಯಲ್ಲಿ ಮೊಳೆ ಕಚ್ಚಿಕೊಂಡೇ ನಕ್ಕ.

ರೇಡಿಯೋ ರಿಪೇರಿ ಅಂಗಡಿ ತೆರೆಯಲು ಲಕ್ಷ್ಮೇಶ್ವರಕ್ಕೆ ಬಂದವನಿಗೆ ಬಹುಕಾಲ ಬೀಗ ಬಿದ್ದಿದ್ದ ಆ ಮನೆ ಸುಲಭಕ್ಕೆ ಸಿಕ್ಕಿತ್ತು. ಹಿಂದೆ ಅಲ್ಲಿದ್ದ ಗಂಡಸೊಬ್ಬ ಅದೇ ಒಳಖೋಲಿಯಲ್ಲಿ, ಚಿಮಣಿ ಬೆಳಕಿನಲ್ಲಿ, ಹೆಂಡತಿಯ ಕತ್ತು ಹಿಸುಕಿ ಕೊಂದಿದ್ದ. ಸತ್ತವಳ ತಾಯಿ ಮಗಳ ಕೂದಲನ್ನು ಖೋಲಿಯ ಹೊಸ್ತಿಲಡಿ ಹೂಳಿಸಿ ಮಾಟ ಮಾಡಿಸಿದ್ದಳು.

“ಇಲ್ಲಿ ದೀಪಾ ಹತ್ತಿದ್ರ ಮನಿ ಗಂಡಸಿನ ಬಲಗೈ ಅವನ ಮಾತು ಕೇಳೂದಿಲ್ಲ. ಆ ಗಂಡ ತನ್ನ ಕೈಲೇನ ತನ್ನ ಗಂಟಲಾ ಹರಕೊಂಡ. ನಾ ಕಣ್ಣಾರೆ ನೋಡೀನಿ.”

“ದೀಪಾ ಹಚ್ಚಾವ ನಾ ಅಲ್ರಿ ಅಮ್ಮಾರ, ಗಡಿಯಾರ. ಮಾಟಾ ಅದಕ್ಕ ತಟ್ಟಲಿ!”

ಅದು ಕೆಂಪು ಅಂಕಿಗಳ ಡಿಜಿಟಲ್ ಗಡಿಯಾರ. ಗಂಟೆ ತೋರಿಸುವ ಆರರ ಅಂಕಿಯಲ್ಲಿ ಬಲಮೇಲಿನ ಗೆರೆ ಹೊತ್ತುವುದಿಲ್ಲ, ಏಳಾದೊಡನೆ ಹೊತ್ತುತ್ತದೆ. ದೇವೇಂದ್ರಪ್ಪ ಆ ಗೆರೆಯಿಂದಲೇ ಒಂದು ತಂತಿ ಎಳೆದು, ತಾನಾಗಿ ಕೂಡುವ ಸ್ವಿಚ್ಚಾದ ರಿಲೇಗೆ ಜೋಡಿಸಿದ್ದ. ಗೆರೆ ಹೊತ್ತಿದರೆ ರಿಲೇ ಕೂಡಿಕೊಂಡು ಮನೆಯ ದೀಪಗಳಿಗೆಲ್ಲ ಕರೆಂಟು ಬಿಡಬೇಕು.

ಸಂಜೆ ಹೆಂಡತಿ ಸಾವಕ್ಕನನ್ನು ಒಳಖೋಲಿಗೆ ಕರೆದ. “ಇಲ್ಲೇ ಕುಂತು ಬದನಿಕಾಯಿ ಹೆಚ್ಚು. ದೀಪಾ ತಾನ ಹೊತ್ತತೈತಿ ನೋಡು.” ಅವಳು ಈಳಿಗೆಮಣೆಯ ಮೇಲೆ ಕೂತಳು. ಕಿಟಕಿಯ ಬೆಳಕು ಆರುತ್ತಿತ್ತು. ಹಸಿ ಮಣ್ಣಿನ, ಬಾವಲಿ ಹಿಕ್ಕೆಯ ವಾಸನೆ ಮೂಗಿಗೆ ಅಡರಿತು.

ಟಕ್.

ದೀಪ ಹೊತ್ತಿತು. ಸಾವಕ್ಕ ಮಕ್ಕಳಂತೆ ನಕ್ಕಳು. ಸುಟ್ಟ ಕೂದಲಿನ ನಾತ ಎದ್ದಿತು. ದೇವೇಂದ್ರಪ್ಪನ ಬಲ ಮೊಣಕೈ ಕೆಳಗೆ ಜೋಮು ಹಿಡಿಯಿತು. ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಅವನು ಬಿಚ್ಚಿರಲಿಲ್ಲ.

ಕೈ ಅವಳ ತುರುಬಿಗೆ ಬಿತ್ತು.

“ಏ, ಏನ ಮಾಡಾಕತ್ತೀರಿ!”

“ನಾ ಅಲ್ಲ ಸಾವೀ! ನಾ ಅಲ್ಲ!”

ಕೈ ಅವಳ ಮುಖವನ್ನು ಈಳಿಗೆಯ ಅಲಗಿನತ್ತ ಒತ್ತಿತು. ಹಣೆ ಸೀಳಿತು. ನೆತ್ತರು ಬದನೆಕಾಯಿಯ ಹೋಳುಗಳ ಮೇಲೆ ತೊಟ್ಟಿಕ್ಕಿತು. ಅವನು ಎಡಗೈಯಿಂದ ಗೋಡೆಯ ಗಡಿಯಾರದ ತಂತಿ ಜಗ್ಗಿದ. ಗಡಿಯಾರ ಕೆಳಗೆ ಬಿದ್ದು ಚೂರಾಯಿತು. ಕೆಂಪು ಅಂಕಿಗಳು ಆರಿದವು. ದೀಪ ಆರಲಿಲ್ಲ. ರಿಲೇ ಕಚ್ಚಿಕೊಂಡುಬಿಟ್ಟಿತ್ತು.

ಅಲಗು ಅವಳ ಕಣ್ಣಿಗೆ ಬೆರಳಂತರದಲ್ಲಿತ್ತು. ಅವಳ ಚೀರಾಟ. ಅವನ ಚೀರಾಟ. ಬೇರೆ ದಾರಿ ಇರಲಿಲ್ಲ. ಅವನು ಮೈಭಾರವನ್ನೆಲ್ಲ ಹಾಕಿ ತನ್ನ ಬಲ ಮುಂಗೈಯನ್ನೇ ಅಲಗಿನ ಮೇಲೆ ಒತ್ತಿದ. ಚರ್ಮ. ನರ. ಎಲುಬು. ಉಜ್ಜಿದ. ಮತ್ತೆ ಉಜ್ಜಿದ. ಬೆರಳು ಸಡಿಲಾದವು. ಸಾವಕ್ಕ ತೆವಳಿ ಹೊಸ್ತಿಲು ದಾಟಿದಳು.

ಅರ್ಧ ಜೋತುಬಿದ್ದ ಕೈ ತಿರುಗಿತು. ಅವನ ಗಂಟಲಿಗೆ ಬಂತು. ಹಿಡಿಯಿತು.

ಚೀರಾಟ ಕೇಳಿ ಓಡಿಬಂದ ಅಲ್ಮಾಸಬಿ ಹೊರಗಿನಿಂದಲೇ ಊರುಗೋಲು ಬೀಸಿದಳು. ಬಲ್ಬು ಒಡೆಯಿತು. ಕತ್ತಲಲ್ಲಿ ಕೈ ಸತ್ತ ಹಾವಿನಂತೆ ಗಂಟಲಿನಿಂದ ಕಳಚಿ ಬಿತ್ತು.

ಗದುಗಿನ ಆಸ್ಪತ್ರೆಯಲ್ಲಿ ಉಳಿದ ಮುಂಗೈಯನ್ನೂ ತೆಗೆದರು. ಸಾವಕ್ಕ ಹಣೆಗೆ ಪಟ್ಟಿ ಕಟ್ಟಿಕೊಂಡು ಹಗಲಿರುಳೂ ಅವನ ಬಳಿಯಲ್ಲೇ ಇದ್ದಳು. ಅನ್ನ ಕಲಸಿ ತಂದಳು, ಅತ್ತಳು, ದೇವರಿಗೆ ಹರಕೆ ಹೊತ್ತಳು.

“ಸಾವೀ, ಸನೇಕ ಬಾ,” ಎಂದು ಅವನು ಒಮ್ಮೆ ಹತ್ತಿರ ಕರೆದ.

ಅವಳು ನೀರಿನ ತಂಬಿಗೆಯನ್ನು ಮಂಚದ ಅಂಚಿಗೆ ಇಟ್ಟಳು. ಆಮೇಲೆ ತಲೆ ತಗ್ಗಿಸಿ, ಅವನ ಎಡಗೈ ಎಟುಕದಷ್ಟು ದೂರ ಸರಿದು ಕೂತಳು.