ಗುಂಯ್ ಸದ್ದು ಕಾಣೆಯಾದ ಪ್ರಕರಣ

ಅಮರನಾಥ ಹಾಸನದ ಪೊಲೀಸ್ ಠಾಣೆಗೆ ಬಂದದ್ದು 2025ರ ಏಪ್ರಿಲ್ 21, ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಕಳವಿನ ದೂರು ಕೊಡಬೇಕು ಎಂದರು. ಕಳುವಾದದ್ದು ಏನೆಂದು ಠಾಣೆಯ ಬರಹಗಾರ ಈಶ್ವರಯ್ಯ ಕೇಳಿದಾಗ, ಕೈಯಲ್ಲಿದ್ದ ಉದ್ದನೆಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗೆ ಹಳೆಯ ಬೇಸ್ ಗಿಟಾರ್ ಇತ್ತು.

"ಇಲ್ಲೇ ಐತಲ್ಲ ಸಾ."

"ಒಳಗಿಂದು ಇಲ್ಲ."

"ಇಲ್ಲ ಅಂತ ಎಂಗೆ ಗೊತ್ತಾಯ್ತು?"

"ಗುಂಯ್ ಅಂತಿಲ್ಲ."

ಈಶ್ವರಯ್ಯ ಪೆನ್ನು ಕೆಳಗಿಟ್ಟು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನತ್ತ ಗಲ್ಲ ಎತ್ತಿ ತೋರಿಸಿದರು. "ಇದು ಗುಂಯ್ ಅನ್ನೋದು ನಿಲ್ಸಿದ್ರೆ ನಾವು ಅಬ್ಬ ಮಾಡ್ತೀವಿ. ನೀವು ಕೇಸ್ ಮಾಡಿ ಅಂತೀರಿ."

ಇನ್‌ಸ್ಪೆಕ್ಟರ್ ಸ್ಮಿತಾ ಒಳಗಿನಿಂದ ಈ ಮಾತು ಕೇಳಿಸಿಕೊಂಡು ಅಮರನಾಥರನ್ನು ಕರೆಸಿಕೊಂಡರು. ಅಮರನಾಥ ಬಟ್ಟೆ ಅಂಗಡಿಯ ಮಾಲೀಕರು. ತಂದೆ ಚನ್ನಬಸವಯ್ಯ ನಲವತ್ತು ವರ್ಷ ಜಿಲ್ಲೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸಿದವರು, ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಗಿಟಾರ್ 1966ರ ಅಮೆರಿಕದ ತಯಾರಿಕೆ. ಬೆಂಗಳೂರಿನ ಒಂದು ವಸ್ತುಸಂಗ್ರಹಾಲಯ ಅದನ್ನು ಚನ್ನಬಸವಯ್ಯನವರ ಹೆಸರಿನಲ್ಲೇ ಇಡಲು ಒಪ್ಪಿತ್ತು. ಷರತ್ತು ಒಂದೇ: ಯಾವ ಭಾಗವೂ ಬದಲಾಗಿರಕೂಡದು. ಶುಕ್ರವಾರ ಅವರ ತಜ್ಞರು ಬಿಚ್ಚಿ ನೋಡಲಿದ್ದರು. ಭಾನುವಾರ ಸಂಜೆ ಕೊನೆಯ ಬಾರಿ ಕೇಳೋಣವೆಂದು ಅಮರನಾಥ ಅದನ್ನು ಸ್ಪೀಕರಿಗೆ ಜೋಡಿಸಿದ್ದರು. ತಂತಿ ಮುಟ್ಟದಿದ್ದರೂ ಬರುತ್ತಿದ್ದ, ಚಿಕ್ಕಂದಿನಿಂದ ಕೇಳಿದ್ದ ಗುಂಯ್ ಸದ್ದು ಬರಲಿಲ್ಲ.

"ಅಪ್ಪನ ಹೆಸರು ನಿಲ್ಲೋಕೆ ಉಳಿದಿರೋದು ಇದೊಂದೇ ಮೇಡಂ. ಅದನ್ನೂ ಯಾರೋ ಕೆಡಿಸಿಬಿಟ್ರು."

ಮನೆ ಕಳವಿನ ಕಲಂನಡಿ, ಅಂದರೆ ಭಾರತೀಯ ನ್ಯಾಯ ಸಂಹಿತೆಯ 305ರಡಿ, ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇಬ್ಬರು ಪಂಚರ ಎದುರು ಗಿಟಾರನ್ನು ಬಿಚ್ಚಲಾಯಿತು. ಕಾನ್‌ಸ್ಟೆಬಲ್ ಪುಷ್ಪಾವತಿ ವಿಡಿಯೊ ಮಾಡುತ್ತಿದ್ದರು. ಬಿಚ್ಚಿದ್ದು ಊರಿನ ಧ್ವನಿವರ್ಧಕ ಅಂಗಡಿಯ ಸುದರ್ಶನ್. ಈ ಗಿಟಾರಿನಲ್ಲಿ ಗುಂಡಿಗಳು, ತಂತಿಯ ಕಂಪನವನ್ನು ಹಿಡಿಯುವ ಪಿಕಪ್, ವೈರುಗಳು ಎಲ್ಲವೂ ಮುಂಭಾಗದ ಒಂದು ಪ್ಲಾಸ್ಟಿಕ್ ಹಲಗೆಗೇ ಕೂತಿರುತ್ತವೆ ಎಂದು ಆತ ವಿವರಿಸಿದ. ಯಾರೋ ಆ ಹಲಗೆಯನ್ನು ಒಂದು ಬೆಸುಗೆಯನ್ನೂ ಬಿಡಿಸದೆ ಇಡಿಯಾಗಿ ಎತ್ತಿದ್ದರು. ಅದೇ ಅಳತೆಯ ಹೊಸ ಹಲಗೆಯಲ್ಲಿ, ಗುಂಯ್ ಸದ್ದನ್ನು ತಾನೇ ಕಳೆಯುವ ಪಿಕಪ್ಪು, ಪುಟ್ಟ ಸರ್ಕೀಟು, ಬ್ಯಾಟರಿ ಕೂರಿಸಿದ್ದರು. ಹಳೆಯ ತೂತುಗಳಿಗೇ ಸ್ಕ್ರೂ ಬಿದ್ದಿತ್ತು. ಹೊರಗಿನ ವಿದ್ಯುತ್ ಸದ್ದನ್ನು ತಡೆಯುವ ತಾಮ್ರದ ಹಾಳೆಯನ್ನೂ ಮರಕ್ಕೆ ಅಂಟಿಸಿರಲಿಲ್ಲ, ರಟ್ಟಿಗೆ ಅಂಟಿಸಿ ಆ ರಟ್ಟನ್ನು ಒಳಗೆ ನಿಲ್ಲಿಸಿದ್ದರು. ಮರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಸುದರ್ಶನ್ ಆ ರಟ್ಟಿನ ಅಂಚನ್ನು ಬೆರಳಿನಿಂದ ಸವರಿದ. "ನಾನಾಗಿದ್ರೆ ಡ್ರಿಲ್ ಆಕ್ಬುಟ್ಟಿರ್ತಿದ್ದೆ ಮೇಡಂ. ಇವನ್ಯಾರೋ ಕಳ್ಳ ಅಲ್ಲ. ಡಾಕ್ಟ್ರು."

ಹದಿನಾಲ್ಕು ವರ್ಷದ ಸೇವೆಯಲ್ಲಿ ಸ್ಮಿತಾ ಮುರಿದ ಬೀಗ, ಕಿತ್ತ ಚಿಲಕ, ಒಡೆದ ಗಾಜುಗಳನ್ನೇ ನೋಡಿದ್ದರು. ಮತ್ತೆ ಮೊದಲಿನಂತೆ ಮಾಡಲು ಬರುವ ಹಾಗೆ ಕೈಹಾಕಿದ ಕಳ್ಳನನ್ನು ನೋಡಿದ್ದು ಇದೇ ಮೊದಲು. ಮಾರಿಕೊಳ್ಳುವವನಾಗಿದ್ದರೆ ಗಿಟಾರನ್ನೇ ಒಯ್ಯುತ್ತಿದ್ದ. ಇವನಿಗೆ ಮರಳಿಸುವ ಉದ್ದೇಶವಿತ್ತು. ಹಾಗಿದ್ದರೆ ಹಳೆಯ ಹಲಗೆ ಎಲ್ಲೋ ಸುರಕ್ಷಿತವಾಗಿರಲೇಬೇಕು.

ಪುಷ್ಪಾವತಿ ಮೊಬೈಲು ಹಿಡಿದೇ ಹತ್ತಿರ ಬಗ್ಗಿದರು. ಹೊಸ ವೈರುಗಳನ್ನು ಬಿಳಿ ನೂಲಿನಿಂದ ಕಟ್ಟಲಾಗಿತ್ತು. ಎಲ್ಲಿಯೂ ಗಂಟಿರಲಿಲ್ಲ, ಕುಣಿಕೆಯೊಳಗೆ ಕುಣಿಕೆ ಸಾಗಿತ್ತು.

"ಮೇಡಂ, ನಮ್ಮ ಅರಕಲಗೂಡು ಕಡೆ ಒಗೆಸೊಪ್ಪನ್ನ ಕಡ್ಡಿಗೆ ಕಟ್ಟೋದು ಇಂಗೇಯ. ಸೊಪ್ಪು ಅದವಾದ್ಮೇಲೆ ಒಂದು ತುದಿ ಎಳೆದ್ರೆ ಪೂರ್ತಿ ಬಿಚ್ಕತದೆ. ಎಳೀಲಾ?"

"ಬೇಡ. ಕಟ್ಟಿದವನೇ ಎಳೀಲಿ."

ಸಂಜೆ ಸ್ಮಿತಾ ಅಮರನಾಥರ ಮನೆಯನ್ನು ಪರಿಶೀಲಿಸಿದರು. ಗಿಟಾರ್ ಇದ್ದ ಮಹಡಿ ಕೋಣೆಗೆ ಹೊರಗಿನಿಂದಲೇ ಮೆಟ್ಟಿಲು. ಬೀಗ ಒಡೆದಿರಲಿಲ್ಲ. ಮನೆಯವರೆಲ್ಲ ಹಿಂದಿನ ವಾರ ಮದುವೆಗೆಂದು ಬಾಗೂರಿಗೆ ಹೋಗಿದ್ದರು, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಮರಳಿದ್ದರು.

"ಕೀ ಎಲ್ಲಿಡ್ತೀರಿ?"

"ಕರೆಂಟ್ ಮೀಟರ್ ಬಾಕ್ಸಲ್ಲಿ. ಅಪ್ಪನ ಕಾಲದಿಂದಲೂ ಅಲ್ಲೇ."

"ಅದು ಗೊತ್ತಿರೋರು?"

"ಪಾಠಕ್ಕೆ ಬರ್ತಿದ್ದೋರಿಗೆಲ್ಲ ಗೊತ್ತು."

"ಅದರಲ್ಲಿ ಅರಕಲಗೂಡಿನೋರು?"

ಅಮರನಾಥ ಒಂದೇ ಹೆಸರು ಹೇಳಿದರು. ರವೀಶ್ ಎಂಬವನು ಅಪ್ಪನ ಅಚ್ಚುಮೆಚ್ಚಿನ ಶಿಷ್ಯ, ಆರ್ಕೆಸ್ಟ್ರಾದಲ್ಲಿ ಪಕ್ಕದಲ್ಲೇ ಕೀಬೋರ್ಡ್ ನುಡಿಸುತ್ತಿದ್ದವನು ಎಂದರು. ಅಪ್ಪ ಹೋದ ಮೇಲೆ ಗಿಟಾರಿನ ಸದ್ದು ಸರಿಮಾಡಿಕೊಡುತ್ತೇನೆಂದು ಮತ್ತೆ ಮತ್ತೆ ಬಂದು ಕೇಳಿದ್ದ. ಅಪ್ಪ ಮುಟ್ಟಿದ ವಸ್ತುವನ್ನು ಇನ್ನೊಬ್ಬರು ಮುಟ್ಟುವುದು ಬೇಡವೆಂದು ಇವರು ಕಳಿಸಿಬಿಟ್ಟಿದ್ದರು.

ಮಂಗಳವಾರ ಬೆಳಿಗ್ಗೆ ರವೀಶ್ ಸಿಕ್ಕಿದ್ದು ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಲ್ಲಿ, ಒಂದು ಆರತಕ್ಷತೆಯ ವೇದಿಕೆಯ ಮೇಲೆ. ನಲವತ್ತೈದರ ಆಸುಪಾಸಿನ ತೆಳ್ಳನೆಯ ಆಸಾಮಿ, ಕೇಬಲ್ ಸುತ್ತುತ್ತಿದ್ದ. ಸ್ಮಿತಾ ಮೊಬೈಲಿನಲ್ಲಿ ನೂಲಿನ ಕಟ್ಟಿನ ಚಿತ್ರ ತೋರಿಸಿದರು.

"ಇದು ಯಾರ ಕೈ?"

"ನಂದೇ ಮೇಡಂ."

"ಹಳೇ ಹಲಗೆ?"

"ಮನೇಲೈತೆ. ಒಂದು ಸ್ಕ್ರೂನೂ ಆಚೀಚೆ ಆಗಿಲ್ಲ."

ಅರಕಲಗೂಡಿನ ಅವನ ಮನೆಯಲ್ಲಿ ಅದು ದೇವರ ಗೂಡಿನ ಕೆಳಗೆ, ಬಿಳಿ ಪಂಚೆಯಲ್ಲಿ ಸುತ್ತಿಟ್ಟಿತ್ತು. ಪಕ್ಕದಲ್ಲೊಂದು ರಟ್ಟು. ಅದರ ಮೇಲೆ ಹಲಗೆಯ ಆಕಾರ ಬರೆದು, ಪ್ರತಿ ತೂತಿನ ಸ್ಕ್ರೂವನ್ನು ಆ ತೂತಿನ ಜಾಗದಲ್ಲೇ ಚುಚ್ಚಲಾಗಿತ್ತು. ಮಹಜರು ಬರೆಯುತ್ತಿದ್ದ ಪುಷ್ಪಾವತಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟರು: "ನಮ್ಮ ಠಾಣೆ ಜಪ್ತಿ ಮಾಲಿನ ಕೋಣೇನ ಇವ್ನ ಕೈಗೆ ಕೊಡ್ಬೇಕು ಮೇಡಂ."

ಸ್ಮಿತಾಗೆ ನಗು ಬಂತು, ತಡೆದುಕೊಂಡರು. ಒಪ್ಪಿಗೆಯಿಲ್ಲದೆ ಒಯ್ದ ವಸ್ತುವನ್ನು ನಾಲ್ಕು ದಿನಕ್ಕೆ ಮರಳಿಸಿದರೂ ಕಾನೂನಿನ ಪ್ರಕಾರ ಅದು ಕಳವೇ. ಮಧ್ಯಾಹ್ನ ಎರಡು ಗಂಟೆಗೆ ದಸ್ತಗಿರಿಯಾಯಿತು. ಹಾಸನದ ಠಾಣೆಯಲ್ಲಿ ಸ್ಮಿತಾ ಒಂದೇ ಪ್ರಶ್ನೆ ಕೇಳಿದರು.

"ನಿನ್ನ ಹತ್ತಿರ ಬೇರೆ ಗಿಟಾರ್ ಇರಲಿಲ್ವಾ?"

"ಅವು ಮೇಷ್ಟ್ರವಲ್ಲ ಮೇಡಂ. ಚನ್ನರಾಯಪಟ್ಟಣದಾಗೆ ಅವ್ರ ಕೊನೇ ಕಾರ್ಯಕ್ರಮ. ಗುಂಯ್ ಅಂತೈತೆ ಅಂತ ಸೌಂಡ್‌ನೋರು ಅವ್ರ ಲೈನೇ ಬಂದ್ ಮಾಡ್ಬುಟ್ರು. ಮೇಷ್ಟ್ರಿಗೆ ಗೊತ್ತಾಯ್ತು. ಒಂದು ಮಾತಾಡ್ಲಿಲ್ಲ. ಕೊನೇವರ್ಗೂ ಅಂಗೇ ನುಡಿಸಿದ್ರು, ಒಂದು ಸ್ವರ ಬಿಡ್ಲಿಲ್ಲ. ಪಕ್ಕದಲ್ಲಿ ನಿಂತಿದ್ದೆ, ತಂತಿ ಸದ್ದು ನಂಗೊಬ್ಬಂಗೆ ಕೇಳಿಸ್ತು." ಅವನು ಕೈಗಳನ್ನು ನೋಡಿಕೊಂಡ. "ಗಾಜಿನ ಪೆಟ್ಟಿಗೆಗೆ ಓದ್ಮೇಲೆ ಯಾರೂ ಕೇಳಕ್ಕಾಗಲ್ಲ. ಅವತ್ತು ಅವ್ರು ನುಡಿಸಿದ್ದನ್ನ ಅದೇ ಗಿಟಾರ್ನ ಮನೇಗೆ ತಗಂಡೋಗಿ, ಗುಂಯ್ ಇಲ್ದಂಗೆ ಒಂದ್ಸಲ ನುಡಿಸಿ ರೆಕಾರ್ಡ್ ಮಾಡ್ದೆ. ಅಳೇದನ್ನ ಕೂರ್ಸಿ ಇಡ್ಬೇಕಿತ್ತು. ಅಷ್ಟ್ರಲ್ಲಿ ಇವ್ರು ಬಾಗೂರಿಂದ ಒರಟವ್ರೆ ಅಂತ ಗೊತ್ತಾಯ್ತು. ಅಂಗೇ ಇಟ್ಬಂದೆ."

ಬುಧವಾರ ನ್ಯಾಯಾಲಯ ಜಾಮೀನು ಕೊಟ್ಟಿತು. ಗಿಟಾರನ್ನು ಮೊದಲಿನ ಸ್ಥಿತಿಗೆ ತಂದು ಮಾಲೀಕರಿಗೆ ಒಪ್ಪಿಸಲು ಅನುಮತಿಯನ್ನೂ ನೀಡಿತು. ಗುರುವಾರ ಠಾಣೆಯಲ್ಲಿ ಪಂಚರ ಎದುರು ರವೀಶ್ ನೂಲಿನ ತುದಿ ಹಿಡಿದು ಎಳೆದ. ಕಟ್ಟು ಸರಸರನೆ ಬಿಚ್ಚಿಕೊಂಡಿತು. ಹೊಸ ಹಲಗೆ ಮೇಲೆದ್ದು ಬಂತು, ಹಳೆಯದು ಕೂತಿತು, ಒಂದೊಂದು ಸ್ಕ್ರೂವೂ ತನ್ನ ತೂತಿಗೆ ಹೋಯಿತು. ಸುದರ್ಶನ್ ಸ್ಪೀಕರಿಗೆ ಜೋಡಿಸಿದ. ಗುಂಯ್ ಎಂದಿತು.

ಅಮರನಾಥ ಕಣ್ಣು ಮುಚ್ಚಿ ಕೇಳಿದರು. "ಇದೇ," ಎಂದರು. ಪೆಟ್ಟಿಗೆ ಮುಚ್ಚಿ, ರಸೀದಿಗೆ ಸಹಿ ಹಾಕಿ ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

"ಆ ರೆಕಾರ್ಡಿಂಗ್ ನಿಮ್ಮ ಹತ್ರ ಇದೆಯಲ್ಲ ಮೇಡಂ, ಸಾಕ್ಷಿ ಅಂತ. ಒಂದ್ಸಲ ಹಾಕ್ತೀರಾ?"

ಸ್ಮಿತಾ ಕಂಪ್ಯೂಟರಿನತ್ತ ತಿರುಗಿದರು. ಅಮರನಾಥ ಮರಳಿ ಬಂದು ಕೂತರು. ರವೀಶ್ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

ಈಶ್ವರಯ್ಯ ಎದ್ದು ಹೋಗಿ ಫ್ಯಾನ್ ಆರಿಸಿದರು.