ಮಹಡಿ ಮೇಲಿನ ಡಾಕ್ಟರು

ಹಲ್ಲಿನ ಡಾಕ್ಟರು ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದು ಕೊಟ್ಟ ದೂರಿನಲ್ಲಿ ಕಳುವಾದದ್ದು ಒಂದೇ ವಸ್ತು: ಟಿವಿ ಕಾರ್ಯಕ್ರಮಗಳನ್ನೂ ಮನೆಯ ವಿಡಿಯೊಗಳನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳುವ, ಅದರಲ್ಲೇ ವಿಡಿಯೊ ಗೇಮನ್ನೂ ಆಡಿಸುವ ಒಂದು ಬಿಳಿ ಪೆಟ್ಟಿಗೆ.

“ಅಂಥದ್ದು ಈಗ ತಯಾರಾಗಲ್ಲ ಸಾರ್. ಅದರಲ್ಲಿ ರೆಕಾರ್ಡ್ ಮಾಡಿದ್ದು ಬೇರೆ ಯಾವುದರಲ್ಲೂ ಓಡಲ್ಲ,” ಎಂದರು.

ಎಫ್‌ಐಆರ್ ಬರೆದವನು ಹೆಡ್ ಕಾನ್‌ಸ್ಟೆಬಲ್. ಇನ್‌ಸ್ಪೆಕ್ಟರ ಕೆಮ್ಮಿನಿಂದ ಹಿಡಿದು ಠಾಣೆಯ ಜೀಪಿನ ಗೊಣಗಾಟದವರೆಗೆ ಎಲ್ಲವನ್ನೂ ಗಂಟಲಲ್ಲಿಟ್ಟುಕೊಂಡಿದ್ದ ಅವನಿಗೆ ‘ರೇಡಿಯೊ’ ಎಂದೇ ಹೆಸರು ಬಿದ್ದಿತ್ತು. ಸಾಕ್ಷಿಗಳ ಹೇಳಿಕೆಯನ್ನು ಅವರದೇ ದನಿಯಲ್ಲಿ ಓದಿ ಠಾಣೆಯನ್ನೆಲ್ಲ ನಗಿಸುವುದು ಅವನ ಚಾಳಿ.

ಹತ್ತೂವರೆಗೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಟಿವಿ ಇದ್ದಲ್ಲೇ ಇತ್ತು, ರಿಮೋಟ್ ಸೋಫಾದ ಮೇಲೇ ಬಿದ್ದಿತ್ತು. ಪೆಟ್ಟಿಗೆಯ ಜತೆ ಹೋಗಿದ್ದು ಗೇಮ್ ಆಡುವ ಕಂಟ್ರೋಲರ್ ಮಾತ್ರ. ರಿಮೋಟ್ ಮರೆತು ಹೋದ ಕಳ್ಳ ಶುದ್ಧ ಪೆದ್ದನಿರಬೇಕೆಂದರು ಇನ್‌ಸ್ಪೆಕ್ಟರ್. ಹಾಗೇನಿಲ್ಲ, ಕಂಟ್ರೋಲರ್ ಒಂದಿದ್ದರೆ ರೆಕಾರ್ಡಿಂಗುಗಳನ್ನೂ ನೋಡಬಹುದು ಎಂದರು ಡಾಕ್ಟರು.

“ಅದು ಯಾರ್ಯಾರಿಗೆ ಗೊತ್ತು?”

“ನನಗೆ. ಆಮೇಲೆ ನಮ್ಮತ್ತಿಗೆಗೆ. ಕಾರ್ ರೇಸಲ್ಲಿ ನನಗೆ ಮಣ್ಣು ಮುಕ್ಕಿಸ್ತಾರೆ.”

ಅತ್ತಿಗೆಯೆಂದರೆ ತೀರಿಕೊಂಡ ಅಣ್ಣನ ಹೆಂಡತಿ, ಮಹಡಿಯ ಮೇಲೆ ವಾಸ. ಅರವತ್ತು ದಾಟಿದ ಹೆಂಗಸು ರೇಸ್ ಆಡುತ್ತಾರೆಂಬುದಕ್ಕೆ ಇನ್‌ಸ್ಪೆಕ್ಟರ್ ನಕ್ಕರು. ರೇಡಿಯೊ ಮನಸ್ಸಿನಲ್ಲೇ ಸೆಲ್ಯೂಟ್ ಹೊಡೆದ. ಪೆಟ್ಟಿಗೆ ತುಂಬಿಹೋಗಿದೆ, ಭಾನುವಾರ ಹಳೆಯದನ್ನೆಲ್ಲ ಅಳಿಸಿಬಿಡುತ್ತೇನೆಂದು ಹಿಂದಿನ ದಿನ ಊಟಕ್ಕೆ ಕೂತಾಗ ಹೇಳಿದ್ದೆ ಎಂಬುದನ್ನೂ ಡಾಕ್ಟರು ತಿಳಿಸಿದರು.

ಮಧ್ಯಾಹ್ನ ಪಂಚನಾಮೆಗೆ ಬಿಟ್ಟುಹೋದ ಒಂದು ಸಹಿ ಹಾಕಿಸಲು ಇನ್‌ಸ್ಪೆಕ್ಟರೂ ರೇಡಿಯೊನೂ ಮನೆಯ ಕೆಳಗಿನ ಕ್ಲಿನಿಕ್ಕಿಗೆ ಬಂದರು. ಡಾಕ್ಟರು ಮೂಗು ಬಾಯಿ ಮುಚ್ಚಿಕೊಂಡು ಮಾತಿಲ್ಲದೆ ಒಬ್ಬರ ದವಡೆಯೊಳಗೆ ಮುಳುಗಿದ್ದರು. ಅಷ್ಟರಲ್ಲಿ ಅವರದೇ ದನಿ ಕೇಳಿಸಿತು:

“ಎಲ್ಲಿ, ಇನ್ನೂ ಸ್ವಲ್ಪ ಬಾಯಿ ತೆಗೀರಿ. ನೋವೇ ಆಗಲ್ಲ. ಆದ್ರೂ ಆಗೋದು ನಿಮಗೆ, ನನಗಲ್ಲ.”

ರೋಗಿ ವಿಧೇಯನಾಗಿ ಇನ್ನಷ್ಟು ಬಾಯಿ ತೆಗೆದ. ಡಾಕ್ಟರ ಕೈ ನಿಂತಿತು. ದನಿ ಬಂದದ್ದು ಮಹಡಿಯಿಂದ.

ರೇಡಿಯೊ ಕಿವಿ ನಿಮಿರಿಸಿದ. ಮಾತಿನ ಕೊನೆಗೆ ಡಾಕ್ಟರು ಎಳೆಯುವ ಉಸಿರು ಕೂಡ ಹಾಗೆಯೇ ಇತ್ತು. ಇಂಥ ಅಣಕ ತನ್ನಿಂದ ಈ ಜನ್ಮದಲ್ಲಾಗದು ಎಂದುಕೊಂಡ.

ಠಾಣೆಯಿಂದ ಕರೆಸಿದ ಮಹಿಳಾ ಕಾನ್‌ಸ್ಟೆಬಲ್ ಬಂದ ಮೇಲೆ ಎಲ್ಲರೂ ಮೆಟ್ಟಿಲು ಹತ್ತಿದರು. ಅತ್ತಿಗೆಯ ಸಣ್ಣ ಟಿವಿಯ ಪಕ್ಕದಲ್ಲಿ ಬಿಳಿ ಪೆಟ್ಟಿಗೆ, ಕೈಯಲ್ಲಿ ಕಂಟ್ರೋಲರ್. ತೆರೆಯ ಮೇಲೆ, ಹಿಂದೆಂದೋ ನಡೆದ ಮನೆಯ ಕೂಟದಲ್ಲಿ, ತೀರಿಕೊಂಡ ಅಣ್ಣ ತನ್ನ ಡಾಕ್ಟರ್ ತಮ್ಮನ ಅಣಕ ಮಾಡುತ್ತಿದ್ದ. ಅಂದು ಸಿಟ್ಟಾಗಿ ಎದ್ದುಹೋದ ತಮ್ಮ, ಅಣ್ಣ ಸಾಯುವ ತನಕ ಅವನೊಡನೆ ಮಾತು ಬಿಟ್ಟಿದ್ದ.

“ಒಂದು ಮಾತು ಕೇಳಬಾರದಿತ್ತಾ ಅತ್ತಿಗೆ?” ಎಂದರು ಡಾಕ್ಟರು.

“ಕೇಳಿದ್ರೆ ಮೊದಲು ಅದನ್ನೇ ಅಳಿಸ್ತಿದ್ದೆ ನೀನು.”

ಡಾಕ್ಟರು ದೂರು ವಾಪಸು ತೆಗೆದುಕೊಳ್ಳುತ್ತೇನೆಂದು ಗೋಗರೆದರು. ಅದನ್ನು ಕೋರ್ಟಿನಲ್ಲಿ ಹೇಳಿಕೊಳ್ಳಿ ಎಂದರು ಇನ್‌ಸ್ಪೆಕ್ಟರ್. ಪೆಟ್ಟಿಗೆಗೆ ಬಟ್ಟೆ ಸುತ್ತಿ ಅರಗಿನ ಮೊಹರು ಒತ್ತಿದರು.

“ಇದು ನಿಮ್ಮ ವಶದಲ್ಲಿರೋ ತನಕ ಯಾರೂ ಅಳಿಸೋ ಹಾಗಿಲ್ಲ, ಅಲ್ವಾ?” ಅತ್ತಿಗೆ ಕೇಳಿದರು.

“ಕೋರ್ಟು ಹೇಳೋ ತನಕ ಯಾರೂ ಮುಟ್ಟೋ ಹಾಗಿಲ್ಲಮ್ಮ.”

“ಹಾಗಾದ್ರೆ ನಡೀರಿ,” ಎಂದು ಅವರೇ ಮೊದಲು ಚಪ್ಪಲಿ ಮೆಟ್ಟಿದರು.

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಹೇಳಿಕೆಯ ಕೊನೆಯಲ್ಲಿ ಅವರು ಬರೆಸಿದ್ದು: “ನಮ್ಮೆಜಮಾನ್ರು ಊರಿನವರೆಲ್ಲರ ಹಾಗೆ ಮಾತಾಡೋರು. ಅವರ ಹಾಗೆ ಅವರು ಮಾತಾಡಿರೋದು ಆ ರೆಕಾರ್ಡಿಂಗ್ ಮುಗಿಯೋ ಹೊತ್ತಲ್ಲಿ ಮಾತ್ರ. ‘ಹೇಗಿತ್ತೇ?’ ಅಂತ ನನ್ನ ಕೇಳ್ತಾರೆ.”

ಬರೆದದ್ದನ್ನು ನಿಯಮದಂತೆ ಓದಿ ಹೇಳಬೇಕಿತ್ತು. ಠಾಣೆಯವರೆಲ್ಲ ರೇಡಿಯೊನ ಮುಖ ನೋಡಿದರು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡು, ಮೊದಲ ಬಾರಿಗೆ, ತನ್ನದೇ ದನಿಯಲ್ಲಿ ಓದಿದ.